ನಿಂತುಹೋದ ಮಿಕ್ಸಿ

ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮೊದಲಾದ ಬಡಾವಣೆಗಳಲ್ಲಿ ಬೆಳಗಿನ ಏಳು ಗಂಟೆಯ ಹೊತ್ತಿಗೆ ನಡೆದುಹೋಗುವವರ ಕಿವಿಗೆ ಒಂದು ಸದ್ದು ಬೀಳದೆ ಇರುವುದಿಲ್ಲ. ಒಂದು ಮನೆಯಲ್ಲಿ ಅದು ಅಡಗುವಷ್ಟರಲ್ಲಿ ಪಕ್ಕದ ಮನೆಯಲ್ಲಿ ಏಳುತ್ತದೆ. ಅಲ್ಲಿ ನಿಂತರೆ ಎದುರುಸಾಲಿನ ಮಹಡಿಯ ಮೇಲೆ ಕೇಳಿಸುತ್ತದೆ. ಕಾಯಿಚಟ್ನಿಗೋ ಹುಳಿಯ ಮಸಾಲೆಗೋ ಮಿಕ್ಸಿ ತಿರುಗುತ್ತಿರುವ ಸದ್ದು ಅದು. ಹಿಂದೆ ಈ ಹೊತ್ತಿನಲ್ಲಿ ಕೇಳಿಸುತ್ತಿದ್ದುದು ರುಬ್ಬುಗುಂಡಿನ ಗುಡುಗುಡು ಸದ್ದು. ಆ ಒರಳುಕಲ್ಲು ಹಳೆಯ ಮನೆಗಳ ಹಿತ್ತಿಲಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅದರ ಕುಳಿಯಲ್ಲಿ ನಿಂತ ಮಳೆಯ ನೀರನ್ನು ಕಾಗೆಗಳು ಕುಡಿಯುತ್ತವೆ. ಅದರ ಮುಂದೆ ಕುಳಿತು ದಿನಕ್ಕೆ ಒಂದೆರಡು ಗಂಟೆ ತೋಳು ನೋಯಿಸಿಕೊಂಡ ಹೆಂಗಸರಿಗೆ ಮಿಕ್ಸಿ ಎಷ್ಟು ದೊಡ್ಡ ಬಿಡುಗಡೆಯನ್ನು ತಂದಿತೆಂಬುದು, ಆ ಕೆಲಸ ಮಾಡದವರಿಗೆ ಸುಲಭವಾಗಿ ತಿಳಿಯುವಂಥದಲ್ಲ. ಮಿಕ್ಸಿ ನಿಂತುಹೋದ ದಿನ ಮಾತ್ರ ಅದು ಮನೆಮಂದಿಗೆಲ್ಲ ತಿಳಿಯುತ್ತದೆ.

ವಿಜಯನಗರದ ಒಂದು ಮನೆಯಲ್ಲಿ ಯುಗಾದಿಯ ಹಿಂದಿನ ಸಂಜೆ ಅದು ನಿಂತಿತೆಂದು ಕಲ್ಪಿಸಿಕೊಳ್ಳಬಹುದು. ಮರುದಿನದ ಒಬ್ಬಟ್ಟಿಗಾಗಿ ಬೇಳೆ ಬೆಂದಿತ್ತು. ಕಟ್ಟನ್ನು ಬಸಿದು, ಬೆಲ್ಲ, ಕಾಯಿತುರಿ, ಏಲಕ್ಕಿಗಳನ್ನು ಬೆರೆಸಿ ಇಟ್ಟಾಗಿತ್ತು. ಇನ್ನು ಹೂರಣ ರುಬ್ಬಬೇಕು. ಮನೆಯ ತಾಯಿ ಜಾರಿನ ತುಂಬ ಬೇಳೆಯನ್ನು ಒತ್ತಿ, ಮುಚ್ಚಳ ಹಾಕಿ, ಮಿಕ್ಸಿಯ ಗುಂಡಿ ತಿರುಗಿಸಿದಳು. ಅದು ಎರಡು ಸುತ್ತು ತಿರುಗಿದಂತೆ ಮಾಡಿ 'ಗುಂಯ್' ಎಂದು ನರಳಿ ನಿಂತಿತು. ಗುಂಡಿಯನ್ನು ಎರಡಕ್ಕೆ, ಮೂರಕ್ಕೆ ತಿರುಗಿಸಿದರೂ ಅದೇ ನರಳಾಟ. ಕಾದ ಅರಗಿನಂಥ ವಾಸನೆಯೊಂದು ಅಡುಗೆಮನೆಯನ್ನು ತುಂಬಿತು. ಆಮೇಲೆ ಸದ್ದೇ ಇಲ್ಲ.

"ಮೋಟಾರು ಸುಟ್ಟುಹೋಯಿತು," ಎಂದರು ತಂದೆ. ವಾಸನೆ ಹಿಡಿದು ಬಂದ ನೆರೆಮನೆಯವರು, "ವೈಂಡಿಂಗ್ ಹೋಗಿರಬೇಕು. ಅದಕ್ಕೆ ದುಡ್ಡು ಸುರಿಯುವ ಬದಲು ಹೊಸದನ್ನೇ ತಂದುಬಿಡಿ," ಎಂದರು. ಅಜ್ಜಿ ಇಬ್ಬರ ಮಾತನ್ನೂ ಕೇಳಿ, "ನನ್ನ ಒರಳುಕಲ್ಲು ಒಂದು ದಿನವೂ ಹೀಗೆ ಕೈಕೊಟ್ಟಿರಲಿಲ್ಲ," ಎಂದಷ್ಟೇ ಹೇಳಿದಳು.

ಇವರಲ್ಲಿ ಮೋಟಾರನ್ನು ನೋಡಿದವರು ಒಬ್ಬರೂ ಇರಲಿಲ್ಲ. ಕಿವಿಗೆ ಕೇಳಿಸಿದ್ದು ಒಂದು ನರಳಾಟ; ಮೂಗಿಗೆ ಬಂದದ್ದು ಒಂದು ವಾಸನೆ; ಕಣ್ಣಿಗೆ ಕಂಡದ್ದು ನಿಂತ ಯಂತ್ರ. 'ಸುಟ್ಟುಹೋಯಿತು' ಎಂಬುದು ಈ ಮೂರರಿಂದ ಅವಸರದಲ್ಲಿ ಎಳೆದ ತೀರ್ಮಾನ. ಸಾವಿರಾರು ರೂಪಾಯಿಯ ಯಂತ್ರವೊಂದು ಗುಜರಿಗೆ ಹೋಗಬೇಕೋ, ಮತ್ತೆ ಹತ್ತು ವರ್ಷ ದುಡಿಯಬೇಕೋ ಎಂಬುದು ಅನೇಕ ಸಲ ಇಂಥ ಒಂದು ಮಾತಿನ ಮೇಲೆ ನಿಂತಿರುತ್ತದೆ. ಆ ಮಾತು ಸರಿಯೋ ತಪ್ಪೋ ಎಂದು ತಿಳಿಯಬೇಕಾದರೆ ಮಿಕ್ಸಿಯ ಹೊಟ್ಟೆಯೊಳಗೆ ಏನಿದೆ ಎಂಬುದನ್ನು ಮೊದಲು ತಿಳಿಯಬೇಕು.

ವಿದ್ಯುತ್ತಿನಿಂದ ಒಂದು ವಸ್ತುವನ್ನು ಎಡೆಬಿಡದೆ ತಿರುಗಿಸಬಹುದೆಂದು ಮೊದಲು ತೋರಿಸಿದವನು ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ. ಪುಸ್ತಕಗಳಿಗೆ ರಟ್ಟು ಕಟ್ಟುವವನ ಬಳಿ ಕೆಲಸ ಕಲಿತು ಬೆಳೆದ ಆತ, 1821ರಲ್ಲಿ, ಪಾದರಸದ ಬಟ್ಟಲಿನಲ್ಲಿ ಇಳಿಬಿಟ್ಟ ತಂತಿಯೊಂದು ಅಯಸ್ಕಾಂತದ ಸುತ್ತ ತಾನಾಗಿ ಸುತ್ತುವಂತೆ ಮಾಡಿದನು. ಕನ್ನಡ ನಾಡಿನಲ್ಲಿ 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿತು. ಗಣಿಗೂ ಬೀದಿಗೂ ಬಂದ ವಿದ್ಯುತ್ತು ಅಡುಗೆಮನೆಯ ತೋಳಾಗಲು ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅಷ್ಟರಲ್ಲಿ, 1946ರಲ್ಲಿ, ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪೆನಿ ಸ್ಥಾಪನೆಯಾಗಿ, ನಗರದ ಈ ಪಶ್ಚಿಮ ಭಾಗದಲ್ಲೇ ಮೋಟಾರುಗಳನ್ನು ತಯಾರಿಸತೊಡಗಿತ್ತು. ಮೋಟಾರು ಎಂಬ ಮಾತು ರಾಜಾಜಿನಗರದ ಕಡೆಯ ಜನಕ್ಕೆ ಎಂದೂ ಪರಕೀಯವಾಗಿರಲಿಲ್ಲ.

ಆದರೆ ಮೋಟಾರುಗಳಲ್ಲಿ ಜಾತಿಗಳುಂಟು. ಬಾವಿಯ ನೀರೆತ್ತುವ ಪಂಪಿನಲ್ಲಿಯೂ ಚಾವಣಿಯ ಫ್ಯಾನಿನಲ್ಲಿಯೂ ಸಾಮಾನ್ಯವಾಗಿ ಇರುವುದು ಒಂದು ಬಗೆ. ನಮ್ಮ ದೇಶದಲ್ಲಿ ಮನೆಗೆ ಬರುವ ವಿದ್ಯುತ್ತಿನಲ್ಲಿ ಅಂಥ ಮೋಟಾರು ನಿಮಿಷಕ್ಕೆ 3000 ಸುತ್ತುಗಳನ್ನು ಮೀರಲಾರದು. ಚೂಪಲ್ಲದ ಸಣ್ಣ ಬ್ಲೇಡಿನಿಂದ ಕೊಬ್ಬರಿಯನ್ನೂ ಒಣಮೆಣಸಿನಕಾಯಿಯನ್ನೂ ಪುಡಿಮಾಡಬೇಕಾದ ಮಿಕ್ಸಿಗೆ ಆ ವೇಗ ಸಾಲದು. ಆದ್ದರಿಂದ ಅದರಲ್ಲಿ ಬೇರೊಂದು ಬಗೆಯ ಮೋಟಾರನ್ನು ಇರಿಸುತ್ತಾರೆ. ಜಾರಿಲ್ಲದೆ ಬಿಟ್ಟರೆ ಇದು ನಿಮಿಷಕ್ಕೆ ಹದಿನೈದು ಇಪ್ಪತ್ತು ಸಾವಿರ ಸುತ್ತು ತಿರುಗಬಲ್ಲದು.

ಈ ಮೋಟಾರಿನ ಕದಲದ ಹೊರಭಾಗದಲ್ಲಿ, ಕಬ್ಬಿಣದ ಮೇಲೆ ಸುತ್ತಿದ ತಾಮ್ರದ ತಂತಿಯ ಸುರುಳಿಗಳಿವೆ. ದುರಸ್ತಿಗಾರರು ಇದನ್ನು ಫೀಲ್ಡ್ ಕಾಯಿಲ್ ಎನ್ನುತ್ತಾರೆ. ನಡುವೆ ತಿರುಗುವ ಭಾಗ ಆರ್ಮೇಚರ್. ಅದಕ್ಕೂ ತಾಮ್ರದ ಸುತ್ತುಗಳುಂಟು. ಆರ್ಮೇಚರಿನ ಒಂದು ತುದಿಯಲ್ಲಿ ತಾಮ್ರದ ಕಿರಿದಾದ ಪಟ್ಟಿಗಳನ್ನು ಒಂದಕ್ಕೊಂದು ತಾಗದಂತೆ ಉಂಗುರವಾಗಿ ಜೋಡಿಸಿರುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಇದರ ಹೆಸರು ದಿಕ್ಪರಿವರ್ತಕ, ಅಂಗಡಿಯಲ್ಲಿ ಕಮ್ಯುಟೇಟರ್. ಅದರ ಎರಡು ಪಕ್ಕಗಳಿಗೂ ಸ್ಪ್ರಿಂಗಿನ ಬಲದಿಂದ ಒತ್ತಿಕೊಂಡು ಇಂಗಾಲದ ಎರಡು ತುಂಡುಗಳು ನಿಂತಿರುತ್ತವೆ. ಇವೇ ಕಾರ್ಬನ್ ಬ್ರಷ್‌ಗಳು. ಮೊದಮೊದಲು ಈ ಕೆಲಸಕ್ಕೆ ತಾಮ್ರದ ತಂತಿಗಳ ಕುಂಚವನ್ನು ಬಳಸುತ್ತಿದ್ದುದರಿಂದ ಬ್ರಷ್ ಎಂಬ ಹೆಸರು ಬಂತು. ಕುಂಚ ಹೋಯಿತು, ಹೆಸರು ಉಳಿಯಿತು. ಇಂಗಾಲ ವಿದ್ಯುತ್ತನ್ನು ಹರಿಯಗೊಡುತ್ತದೆ. ಪೆನ್ಸಿಲಿನ ಕಡ್ಡಿಯಂತೆ ನುಣುಪಾಗಿ ಜಾರುತ್ತದೆ. ತಾಮ್ರವನ್ನು ಸವೆಸುವ ಬದಲು ತಾನು ಸವೆಯುತ್ತದೆ.

ಗೋಡೆಯ ಪ್ಲಗ್ಗಿನಿಂದ ಹೊರಟ ವಿದ್ಯುತ್ತು ಫೀಲ್ಡ್ ಸುರುಳಿಯನ್ನು ಹಾದು, ಒಂದು ಬ್ರಷ್ಷಿನ ಮೂಲಕ ಆರ್ಮೇಚರನ್ನು ಹೊಕ್ಕು, ಇನ್ನೊಂದು ಬ್ರಷ್ಷಿನ ಮೂಲಕ ಹೊರಬರುತ್ತದೆ. ಆಗ ಹೊರಭಾಗವೂ ಒಳಭಾಗವೂ ಅಯಸ್ಕಾಂತಗಳಾಗಿ ಒಂದನ್ನೊಂದು ತಳ್ಳುತ್ತವೆ; ಆರ್ಮೇಚರ್ ತಿರುಗುತ್ತದೆ. ಮನೆಯ ವಿದ್ಯುತ್ತು ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುತ್ತದೆಯಲ್ಲ, ಆಗ ಮೋಟಾರು ಹಿಂದಕ್ಕೆ ತಿರುಗುವುದಿಲ್ಲವೆ ಎಂದು ಯಾರಾದರೂ ಕೇಳಬಹುದು. ದಿಕ್ಕು ಎರಡು ಭಾಗಗಳಲ್ಲಿಯೂ ಒಟ್ಟಿಗೇ ಬದಲಾಗುವುದರಿಂದ ತಳ್ಳಾಟದ ದಿಕ್ಕು ಬದಲಾಗುವುದಿಲ್ಲ.

ಇಲ್ಲಿ ಮನಸ್ಸಿನಲ್ಲಿಡಬೇಕಾದ ಒಂದು ಅಂಶವುಂಟು. ಸ್ವಿಚ್ಚು, ಫೀಲ್ಡ್ ಸುರುಳಿ, ಬ್ರಷ್ಷು, ಆರ್ಮೇಚರು ಇವೆಲ್ಲ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತಿವೆ. ದಾರ ಎಲ್ಲಿ ಕಡಿದರೂ ವಿದ್ಯುತ್ತು ಹರಿಯುವುದಿಲ್ಲ. ಮೋಟಾರು ಸದ್ದೇ ಮಾಡದು. ಮೋಟಾರು ನರಳುತ್ತಿದೆ ಎಂದಾದರೆ ವಿದ್ಯುತ್ತು ಹರಿಯುತ್ತಲೇ ಇದೆ, ತಿರುಗಬೇಕಾದುದನ್ನು ಏನೋ ಹಿಡಿದು ನಿಲ್ಲಿಸಿದೆ ಎಂದೇ ಬಹುಮಟ್ಟಿಗೆ ಅರ್ಥ. ಮೌನಕ್ಕೂ ನರಳಾಟಕ್ಕೂ ಇರುವ ಈ ವ್ಯತ್ಯಾಸವನ್ನು ಬಲ್ಲವನು ಮಿಕ್ಸಿಯ ಒಂದು ತಿರುಪನ್ನೂ ಬಿಚ್ಚದೆ ಅರ್ಧ ದಾರಿಯನ್ನು ಕ್ರಮಿಸಿದಂತೆಯೇ ಸರಿ.

ಹಿಡಿದು ನಿಲ್ಲಿಸಿದ ಮೋಟಾರಿಗೆ ಒದಗುವ ಅಪಾಯ ಸಣ್ಣದಲ್ಲ. ತಿರುಗುತ್ತಿರುವ ಮೋಟಾರು ತನ್ನೊಳಗೆ ತಾನೇ ಒಂದು ಎದುರು ಒತ್ತಡವನ್ನು ಹುಟ್ಟಿಸುತ್ತದೆ. ಒಳನುಗ್ಗುವ ವಿದ್ಯುತ್ತಿಗೆ ಅದೇ ಕಡಿವಾಣ. 750 ವಾಟಿನ ಮಿಕ್ಸಿಯೊಂದು 230 ವೋಲ್ಟಿನಲ್ಲಿ ಪೂರ್ಣ ಭಾರ ಹೊತ್ತು ಓಡುವಾಗ ಸುಮಾರು ಮೂರೂಕಾಲು ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಆರ್ಮೇಚರ್ ನಿಂತೊಡನೆ ಕಡಿವಾಣ ಕಳಚಿ ವಿದ್ಯುತ್ತು ಹಲವು ಪಟ್ಟು ಹೆಚ್ಚುತ್ತದೆ. ಶಾಖವಾದರೋ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿ ಏರುವಂಥದು. ವಿದ್ಯುತ್ತು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಮೋಟಾರಿನ ಮೇಲಿರುವ ಗಾಳಿಯ ಪಂಕವೂ ನಿಂತಿರುವುದರಿಂದ ಆ ಶಾಖ ಹೊರಹೋಗಲು ದಾರಿಯಿಲ್ಲ. ತಾಮ್ರದ ತಂತಿಗಳು ಒಂದಕ್ಕೊಂದು ತಾಗಿದಂತೆ ಸುತ್ತಿಕೊಂಡಿದ್ದರೂ ಅವುಗಳ ಮೇಲಿನ ತೆಳುವಾದ ಲೇಪ ಅವನ್ನು ಬೇರೆಯಾಗಿ ಇಟ್ಟಿರುತ್ತದೆ. ಆ ಲೇಪ ಕಾದಾಗ ಬರುವುದೇ ಅರಗಿನಂಥ ವಾಸನೆ. ಲೇಪ ಸುಟ್ಟು ಎರಡು ಸುತ್ತುಗಳು ಒಂದಾದರೆ ವಿದ್ಯುತ್ತು ಇನ್ನೂ ಹೆಚ್ಚು ಹರಿಯುತ್ತದೆ, ಶಾಖ ಇನ್ನೂ ಏರುತ್ತದೆ. ಆಮೇಲೆ ಅದನ್ನು ಉಳಿಸುವುದು ಕಷ್ಟ. ನರಳುತ್ತಿರುವ ಮಿಕ್ಸಿಯನ್ನು ಮೂರನೆಯ ವೇಗಕ್ಕೆ ತಿರುಗಿಸುವುದೆಂದರೆ, ಕೆಸರಿನಲ್ಲಿ ಹೂತ ಗಾಡಿಯ ಎತ್ತನ್ನು ಚಾವಟಿಯಿಂದ ಹೊಡೆದಂತೆ.

ಭಾರತೀಯರ ಮಿಕ್ಸಿಯ ಚರಿತ್ರೆಯೇ ಹೀಗೆ ಸುಟ್ಟ ಒಂದು ಮೋಟಾರಿನಿಂದ ಆರಂಭವಾಯಿತೆಂದರೆ ಉತ್ಪ್ರೇಕ್ಷೆಯಾಗದು. ಮಾಧುರಿ ಮಾಥುರ್ ಎಂಬ ಗೃಹಿಣಿಯ ಬಳಿ ವಿದೇಶದಲ್ಲಿ ತಯಾರಾದ ಮಿಕ್ಸಿಯೊಂದಿತ್ತು. ಹಣ್ಣು ಹಾಲುಗಳನ್ನು ಬೆರೆಸುವುದಕ್ಕೆಂದು ಹುಟ್ಟಿದ ಆ ಯಂತ್ರದ ಮೋಟಾರು ಇಲ್ಲಿನ ಮಸಾಲೆಯ ಭಾರವನ್ನು ತಾಳಲಾರದೆ ಸುಟ್ಟಿತು. ಅದನ್ನು ಸರಿಪಡಿಸಿಕೊಡುವ ವ್ಯವಸ್ಥೆ ದೇಶದಲ್ಲಿ ಇರಲಿಲ್ಲ. ಆಕೆಯ ಪತಿ ಸತ್ಯಪ್ರಕಾಶ ಮಾಥುರ್ ಎಂಜಿನಿಯರು. ಯಂತ್ರವನ್ನು ದೂರುವ ಬದಲು ಅವರು ಅಡುಗೆಯ ಕೆಲಸವನ್ನು ಗಮನಿಸಿದರು. ಅರಿಸಿನದ ಕೊಂಬನ್ನೂ ನೆನೆದ ಉದ್ದಿನಬೇಳೆಯನ್ನೂ ಅರೆಯಬಲ್ಲ ಬಲವಾದ ಮೋಟಾರು ಬೇಕೆಂದು ಕಂಡುಕೊಂಡು, 1963ರಲ್ಲಿ 'ಸುಮೀತ್' ಎಂಬ ಮಿಕ್ಸಿಯನ್ನು ಹೊರತಂದರು. ದೇಶದ ಲಕ್ಷಾಂತರ ಅಡುಗೆಮನೆಗಳಿಗೆ ಅದು ಹೋಯಿತು. ಮೋಟಾರು ಯಾಕೆ ಸುಟ್ಟಿತೆಂದು ಕೇಳದೆ ಇನ್ನೊಂದನ್ನು ಕೊಂಡಿದ್ದರೆ ಅದೂ ಸುಡುತ್ತಿತ್ತು.

ವಿಜಯನಗರದ ಮನೆಯಲ್ಲಿ ಆ ಪ್ರಶ್ನೆಯನ್ನು ಕೇಳಿದವಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮಗಳು. ಅಜ್ಜಿಯೊಡನೆ ಅವಳು ಮಿಕ್ಸಿಯನ್ನು ಎತ್ತಿಕೊಂಡು, ಮಾಗಡಿ ರಸ್ತೆಯ ಪಕ್ಕದ ಓಣಿಯಲ್ಲಿದ್ದ ರಿಪೇರಿ ಅಂಗಡಿಗೆ ಹೋದಳು. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಂಗಡಿ ಅದು.

"ಏನಾಯಿತಮ್ಮಾ?" ಎಂದನು ಅಂಗಡಿಯವನು.

"ಮೋಟಾರು ಸುಟ್ಟುಹೋಗಿದೆ ಅಣ್ಣ."

"ಸುಟ್ಟದ್ದನ್ನು ನೀನು ನೋಡಿದೆಯಾ?"

ಹುಡುಗಿ ಸುಮ್ಮನಾದಳು.

"ಹೋಗಲಿ, ಜಾರು ತಂದಿದ್ದೀಯಾ?"

ಮಿಕ್ಸಿಯ ತಳವನ್ನು ಮಾತ್ರ ಎತ್ತಿಕೊಂಡು ಬರುವವರೇ ಹೆಚ್ಚು. "ನನ್ನ ಚೀಲದಲ್ಲಿದೆ ನೋಡಪ್ಪ. ತೊಳೆದುಕೊಂಡೇ ಬಂದಿದ್ದೇನೆ," ಎಂದಳು ಅಜ್ಜಿ.

"ಒಳ್ಳೆಯದಾಯಿತು ಅಜ್ಜಿ. ನಿಲ್ಲುವ ಮುಂಚೆ ಇದು ನರಳಿತೆ, ಇಲ್ಲ ಇದ್ದಕ್ಕಿದ್ದಂತೆ ಸುಮ್ಮನಾಯಿತೆ? ಜಾರಿನ ಅಡಿಯಿಂದ ನೀರು ಒಸರುತ್ತಿತ್ತೆ?"

"ನರಳಿ ನರಳಿಯೇ ನಿಂತಿತಪ್ಪ. ಒಂದು ತಿಂಗಳಿಂದ ಅಡಿಯಲ್ಲಿ ಕಪ್ಪಗೆ ನೀರು ಕಾಣುತ್ತಿತ್ತು. ದಿನವೂ ಒರೆಸುತ್ತಿದ್ದವಳು ನಾನೇ."

ಅಂಗಡಿಯವನು ಆಗಲೂ ಮಿಕ್ಸಿಯನ್ನು ಬಿಚ್ಚಲಿಲ್ಲ. ಪ್ಲಗ್ಗನ್ನು ಯಾವ ಸಾಕೆಟ್ಟಿಗೂ ಸಿಕ್ಕಿಸದೆ, ಮಿಕ್ಸಿಯ ಮೇಲಿರುವ ಹಲ್ಲುಹಲ್ಲಿನ ಕಪ್ಲರನ್ನು ಬೆರಳಿನಿಂದ ತಿರುಗಿಸಿದನು. ಅದು ಹಗುರವಾಗಿ ತಿರುಗಿತು. ಬಳಿಕ ಜಾರನ್ನು ತಲೆಕೆಳಗು ಮಾಡಿ ಅದರಡಿಯ ಕಪ್ಲರನ್ನು ತಿರುಗಿಸಲು ನೋಡಿದನು. ಅದು ಕದಲಲಿಲ್ಲ. ಇಕ್ಕಳದಿಂದ ಹಿಡಿದು ಬಲವಾಗಿ ತಿರುಗಿಸಿದಾಗ ಕರಕರ ಎಂದು ಅರ್ಧ ಸುತ್ತು ತಿರುಗಿತು.

ಬ್ಲೇಡಿನ ಕಡ್ಡಿ ಜಾರಿನ ತಳವನ್ನು ಹಾದು ಕೆಳಗೆ ಬರುವ ಕಡೆಯಲ್ಲಿ ಲೋಹದ ಒಂದು ಚಿಕ್ಕ ಕೊಳವೆಯಿದೆ. ಅದನ್ನು ಬುಷ್ ಎನ್ನುತ್ತಾರೆ. ಅದರ ಮೇಲಿನ ರಬ್ಬರಿನ ವಾಷರ್ ಸವೆದರೆ ರುಬ್ಬಿದ್ದರ ನೀರು ಬುಷ್ಷಿನೊಳಕ್ಕೆ ಇಳಿಯುತ್ತದೆ. ಉಪ್ಪು ಹುಣಿಸೆಹುಳಿಗಳ ಆ ನೀರು ಎಣ್ಣೆಯನ್ನು ತೊಳೆದು, ಲೋಹಕ್ಕೆ ತುಕ್ಕು ಹಿಡಿಸಿ, ಒಣಗಿ ಗಟ್ಟಿಯಾಗುತ್ತದೆ. ಅಜ್ಜಿ ಒರೆಸುತ್ತಿದ್ದ ಕಪ್ಪುನೀರು ಅದೇ. ಒಂದು ತಿಂಗಳ ಕಾಲ ಬುಷ್ಷು ಬಿಗಿಯಾಗುತ್ತ ಬಂದಿತ್ತು. ಮೋಟಾರು ಅದನ್ನು ಹೇಗೋ ಎಳೆಯುತ್ತ ಬಂದಿತ್ತು. ನೀರಿಲ್ಲದ ಹೂರಣ ಜಾರಿನ ತುಂಬ ಬಿದ್ದಾಗ ಎರಡು ಭಾರಗಳೂ ಸೇರಿ ಅದನ್ನು ನಿಲ್ಲಿಸಿದವು.

"ಹಾಗಾದರೆ ಆಮೇಲೆ ಸದ್ದೇ ಬರಲಿಲ್ಲವಲ್ಲ, ಯಾಕೆ?" ಎಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಅಂಗಡಿಯವನು ಮಿಕ್ಸಿಯನ್ನು ಮಗುಚಿ, ಅದರಡಿಯಲ್ಲಿದ್ದ ಚಿಕ್ಕ ಕೆಂಪು ಗುಂಡಿಯನ್ನು ತೋರಿಸಿದನು. ಮಿತಿಮೀರಿದ ವಿದ್ಯುತ್ತು ಹರಿದಾಗ ತಾನಾಗಿ ಹೊರಚಿಮ್ಮಿ ದಾರಿಯನ್ನು ಕಡಿಯುವ ರಕ್ಷಕ ಅದು. ತಾಯಿ ಗುಂಡಿಯನ್ನು ಮೂರಕ್ಕೆ ತಿರುಗಿಸಿ ಹಿಡಿದಿದ್ದಾಗ ಅದು ಚಿಮ್ಮಿತ್ತು. ಮನೆಯವರು ಮೋಟಾರಿನ ಸಾವೆಂದು ತಿಳಿದ ಮೌನ ವಾಸ್ತವವಾಗಿ ಅದನ್ನು ಉಳಿಸಿದ ಮೌನವಾಗಿತ್ತು. ಮೋಟಾರು ತಣಿಯಲು ಹತ್ತು ಹದಿನೈದು ನಿಮಿಷ ಬಿಟ್ಟು, ಪ್ಲಗ್ಗನ್ನು ತೆಗೆದು, ಈ ಗುಂಡಿಯನ್ನು ಒಳಕ್ಕೆ ಒತ್ತುವುದು ಯಾವ ಮನೆಯಲ್ಲಿಯೂ ಮಾಡಬಹುದಾದ ಕೆಲಸ. ಆದರೆ ಒತ್ತಿದ ಮೇಲೆ ಮೊದಲು ಜಾರಿಲ್ಲದೆಯೇ ಓಡಿಸಿ ನೋಡಬೇಕು. ಜಾರಿಲ್ಲದೆ ಸರಾಗವಾಗಿ ಓಡಿದರೆ ದೋಷ ಜಾರಿನಲ್ಲಿದೆ, ಇಲ್ಲವೆ ಅದರಲ್ಲಿ ತುಂಬಿದ ಪದಾರ್ಥದಲ್ಲಿದೆ. ಚಿಮ್ಮಿದ ಕಾರಣವನ್ನು ಹುಡುಕದೆ ಗುಂಡಿಯನ್ನು ಮತ್ತೆ ಮತ್ತೆ ಒತ್ತುವವರು ಆ ರಕ್ಷಕನನ್ನೇ ಸೋಲಿಸುತ್ತಾರೆ.

ಅಂಗಡಿಯವನು ಗುಂಡಿಯನ್ನು ಒತ್ತಿದನು. ಆದರೂ ಮಿಕ್ಸಿಯನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಲಿಲ್ಲ. ಅವನ ಹಲಗೆಯ ಮೇಲೆ ಬಲ್ಬೊಂದನ್ನು ಸಾಲಾಗಿ ಜೋಡಿಸಿದ ಸಾಕೆಟ್ಟು ಇತ್ತು. ಪರೀಕ್ಷಿಸಬೇಕಾದ ಯಂತ್ರದ ವಿದ್ಯುತ್ತು ಆ ಬಲ್ಬಿನ ಮೂಲಕವೇ ಹರಿಯಬೇಕು. ಒಳಗೆ ತಂತಿ ಕಡಿದಿದ್ದರೆ ಬಲ್ಬು ಉರಿಯುವುದಿಲ್ಲ. ಪ್ಲಗ್ಗಿನ ಎರಡು ತಂತಿಗಳು ಒಳಗೆಲ್ಲೋ ಒಂದಾಗಿದ್ದರೆ ಪೂರ್ಣ ಪ್ರಭೆಯಿಂದ ಉರಿಯುತ್ತದೆ. ಯಾವ ಅನಾಹುತವಾದರೂ ಬಲ್ಬು ತಡೆದುಕೊಳ್ಳುತ್ತದೆ, ಫ್ಯೂಸು ಹೋಗದು. ಬಲ್ಬು ಮಂಕಾಗಿ ಉರಿದು ಆರ್ಮೇಚರ್ ನಿಧಾನವಾಗಿ ತಿರುಗಿತು. ಆಮೇಲಷ್ಟೇ ಅವನು ಗೋಡೆಯ ಸಾಕೆಟ್ಟಿನಲ್ಲಿ ಸಿಕ್ಕಿಸಿದನು. ಮೋಟಾರು ಎಂದಿನಂತೆ ಕೂಗಿತು. ಅಜ್ಜಿ ಬೆಚ್ಚಿ ಹಿಂದಕ್ಕೆ ಸರಿದಳು.

ಅವನು ಹಳೆಯ ಬುಷ್ಷನ್ನು ಬಡಿದು ತೆಗೆಯುತ್ತಿದ್ದಷ್ಟು ಹೊತ್ತೂ ಹುಡುಗಿಯ ಕಣ್ಣು ಕಪಾಟಿನಲ್ಲಿದ್ದ ಮಿಕ್ಸಿಗಳ ಮೇಲಿತ್ತು. ಒಂದೊಂದಕ್ಕೂ ಊರಿನ ಹೆಸರು ಬರೆದ ಚೀಟಿಯಿತ್ತು. ಅವನು ಕೇಳದೆಯೇ ಒಂದೊಂದರ ಕತೆಯನ್ನೂ ಹೇಳಿದನು. ಬಸವೇಶ್ವರನಗರದ್ದು ಕೆಲವು ದಿನಗಳಿಂದ ತಡೆತಡೆದು ಓಡುತ್ತಿದ್ದು ಒಂದು ಬೆಳಿಗ್ಗೆ ಮೌನವಾಯಿತು. ಪ್ಲಗ್ಗು, ವಯರು, ಕೆಂಪು ಗುಂಡಿ ಎಲ್ಲ ಸರಿಯಾಗಿದ್ದವು. ಕಾರ್ಬನ್ ಬ್ರಷ್ ಸವೆದು ಮೋಟಾಗಿ, ಸ್ಪ್ರಿಂಗು ಅದನ್ನು ಕಮ್ಯುಟೇಟರಿಗೆ ತಾಗಿಸಲಾರದೆ ಹೋಗಿತ್ತು. ಹೊಸ ಜೊತೆಯ ಬೆಲೆ ಹೋಟೆಲಿನ ಒಂದು ಮಸಾಲೆದೋಸೆಯ ಬೆಲೆಗಿಂತ ಹೆಚ್ಚಾಗದು. ಬ್ರಷ್ಷುಗಳನ್ನು ಯಾವಾಗಲೂ ಜೊತೆಯಾಗಿಯೇ ಬದಲಾಯಿಸಬೇಕು. ಒಂದು ಹಳೆಯದು, ಒಂದು ಹೊಸದು ಆದರೆ ಒತ್ತಡ ಸಮನಾಗದೆ ಕಿಡಿ ಹೆಚ್ಚುತ್ತದೆ. ಕೆಂಗೇರಿಯದರಲ್ಲಿ ಮೋಟಾರು ಗಟ್ಟಿಯಾಗಿ ಓಡುತ್ತಿತ್ತು, ಚಟ್ನಿ ಮಾತ್ರ ಅರೆಯುತ್ತಿರಲಿಲ್ಲ. ಜಾರನ್ನು ಸರಿಯಾಗಿ ಕೂರಿಸದೆ ಗುಂಡಿ ತಿರುಗಿಸಿದ್ದರಿಂದ ಕಪ್ಲರಿನ ಹಲ್ಲುಗಳೆಲ್ಲ ಸವೆದು ಹೋಗಿದ್ದವು. ಇನ್ನೊಂದು ಮೂರನೆಯ ವೇಗದಲ್ಲಿ ಓಡುತ್ತಿತ್ತು, ಒಂದನೆಯದರಲ್ಲಿ ಇಲ್ಲ. ಮಿಕ್ಸಿಗಳಲ್ಲಿ ಸಾಮಾನ್ಯವಾಗಿ ಫೀಲ್ಡ್ ಸುರುಳಿಯ ಹೆಚ್ಚು ಸುತ್ತುಗಳನ್ನು ಬಳಸಿದರೆ ವೇಗ ಕಡಿಮೆ, ಕಡಿಮೆ ಸುತ್ತುಗಳನ್ನು ಬಳಸಿದರೆ ವೇಗ ಹೆಚ್ಚು. ಒಂದನೆಯ ವೇಗಕ್ಕೆ ಮಾತ್ರ ಬೇಕಾಗುವ ಸುತ್ತುಗಳಲ್ಲಿ ಎಲ್ಲೋ ತಂತಿ ಕಡಿದಿರಬೇಕು, ಇಲ್ಲವೆ ವೇಗದ ಸ್ವಿಚ್ಚಿನ ಒಂದು ಕಾಲು ಸುಟ್ಟಿರಬೇಕು.

ಕಪಾಟಿನ ಮೂಲೆಯಲ್ಲಿ ನಿಜವಾಗಿಯೇ ಸುಟ್ಟದ್ದೊಂದಿತ್ತು. ಅದರ ಆರ್ಮೇಚರಿನ ತಂತಿ ಕಪ್ಪಾಗಿತ್ತು. ಓಡಿಸಿದರೆ ಕಮ್ಯುಟೇಟರಿನ ಸುತ್ತ ಬೆಂಕಿಯ ಬಳೆ ತೊಡಿಸಿದಂತೆ ಕಿಡಿ ಹಾರುತ್ತದೆ ಎಂದನು. ಬ್ರಷ್ಷಿನ ಬಳಿ ಚಿಕ್ಕದಾದ ನೀಲಿ ಕಿಡಿ ಎಲ್ಲ ಮಿಕ್ಸಿಗಳಲ್ಲಿಯೂ ಉಂಟು. ಹಿಂದೆ ಬೆಳಗಿನ ವಾರ್ತೆಯ ಹೊತ್ತಿಗೆ ಯಾರಾದರೂ ಮಿಕ್ಸಿ ಹಾಕಿದರೆ ರೇಡಿಯೋ ಕರಕರ ಎನ್ನುತ್ತಿದ್ದುದು ಆ ಕಿಡಿಯಿಂದಲೇ. ಆದರೆ ಕಿಡಿ ಉಂಗುರವಾದರೆ ಕೂಡಲೆ ನಿಲ್ಲಿಸಬೇಕು. ಅಂಥ ಆರ್ಮೇಚರನ್ನು ಹೊಸದಾಗಿ ಸುತ್ತಿಸಬೇಕು, ಇಲ್ಲವೆ ಬದಲಾಯಿಸಬೇಕು. ಅದರ ಖರ್ಚನ್ನು ಹೊಸ ಮಿಕ್ಸಿಯ ಬೆಲೆಯೊಡನೆ ತೂಗಿ ನೋ‍ಡುವುದು ಆಗ ನ್ಯಾಯ.

"ನಮ್ಮ ಅತ್ತೆಯ ಮನೆಯ ಗ್ರೈಂಡರೂ ಹೀಗೆಯೇ ಗುಂಯ್ ಎನ್ನುತ್ತದೆ. ಅದಕ್ಕೂ ಬುಷ್ಷೇ ಏನು?" ಎಂದು ಹುಡುಗಿ ಕೇಳಿದಳು.

ಅಂಗಡಿಯವನು ನಕ್ಕು, ಒಂದರ ಪಾಠವನ್ನು ಇನ್ನೊಂದಕ್ಕೆ ಹಚ್ಚಬಾರದೆಂದನು. ಕೊಯಮತ್ತೂರಿನಿಂದ ಎಲ್ಲೆಡೆಗೆ ಹಬ್ಬಿದ, ಕಲ್ಲುಗುಂಡುಗಳಿಂದ ದೋಸೆಹಿಟ್ಟು ರುಬ್ಬುವ ಗ್ರೈಂಡರಿನಲ್ಲಿರುವುದು ಫ್ಯಾನಿನ ಜಾತಿಯ ಮೋಟಾರು. ಅದಕ್ಕೆ ಬ್ರಷ್ಷುಗಳೇ ಇಲ್ಲ. ತಿರುಗಲು ಮೊದಲ ನೂಕು ಕೊಡುವುದಕ್ಕೆ ಅದರಲ್ಲಿ ಒಂದು ಕೆಪಾಸಿಟರ್ ಇರುತ್ತದೆ. ಅಂಗಡಿಗಳಲ್ಲಿ ಅದನ್ನು ಕಂಡೆನ್ಸರ್ ಎನ್ನುವುದೂ ಉಂಟು. ಅದು ದುರ್ಬಲವಾದರೆ ಗ್ರೈಂಡರು ಗುಂಯ್ ಎನ್ನುತ್ತ ನಿಂತಲ್ಲೇ ನಿಲ್ಲುತ್ತದೆ. ಚಾವಣಿಯ ಫ್ಯಾನು ಕೋಲಿನಿಂದ ತಳ್ಳಿದರೆ ಮಾತ್ರ ತಿರುಗುವುದೂ ಇದೇ ಕಾರಣದಿಂದ. ಬೆಲ್ಟು ಬಿಗಿಯಾಗಿ ಸಿಕ್ಕಿಕೊಂಡಿಲ್ಲವೆಂದು ನೋಡಿಕೊಂಡ ಮೇಲೆ ಅಲ್ಲಿ ಮೊದಲ ಸಂಶಯ ಕೆಪಾಸಿಟರಿನ ಮೇಲೆ. ಆದರೆ ಅದನ್ನು ಮನೆಯಲ್ಲಿ ಬಿಚ್ಚಬಾರದು. ಪ್ಲಗ್ಗು ತೆಗೆದ ಮೇಲೂ ಅದು ತನ್ನೊಳಗೆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು.

ಈ ಮಾತು ಬಂದಾಗ ಅವನ ದನಿ ಬದಲಾಯಿತು. ಮಿಕ್ಸಿಯ ವಯರನ್ನು ಎತ್ತಿ ಪ್ಲಗ್ಗಿನ ಮೂರು ಕಡ್ಡಿಗಳನ್ನು ತೋರಿಸಿದನು. ಮೇಲಿನ ಕಡ್ಡಿ ಉಳಿದೆರಡಕ್ಕಿಂತ ದಪ್ಪ, ಉದ್ದ. ಅದು ಭೂಮಿಗೆ ಸೇರುವ ತಂತಿಯದು. ಉದ್ದವಾಗಿರುವುದರಿಂದ ಪ್ಲಗ್ಗನ್ನು ಸಿಕ್ಕಿಸುವಾಗ ಎಲ್ಲಕ್ಕಿಂತ ಮೊದಲು ಒಳಹೊಗುತ್ತದೆ, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಹೊರಬರುತ್ತದೆ. ಯಂತ್ರಕ್ಕೆ ವಿದ್ಯುತ್ತು ತಾಗಿರುವ ಒಂದು ಕ್ಷಣವೂ ಭೂಮಿಯ ಸಂಪರ್ಕ ತಪ್ಪದಿರಲೆಂದು ಈ ಏರ್ಪಾಡು. ಸುರುಳಿಯ ಲೇಪ ಕಿತ್ತು ಲೋಹದ ಮೈಗೆ ವಿದ್ಯುತ್ತು ಸೋರಿದರೆ ಅದು ಮನುಷ್ಯನ ಮೈಯ ಬದಲು ಆ ತಂತಿಯಲ್ಲಿ ಹರಿದುಹೋಗುತ್ತದೆ. ಎರಡು ಕಡ್ಡಿಯ ಸಾಕೆಟ್ಟಿಗೆ ಹೊಂದಲೆಂದು ಈ ಮೂರನೆಯ ಕಡ್ಡಿಯನ್ನು ಕತ್ತರಿಸಿಹಾಕುವ ಜಾಣರೂ ಇದ್ದಾರೆ. ಮುಟ್ಟಿದಾಗ ಸ್ವಲ್ಪವಾದರೂ ಜುಮ್ಮೆಂದ ಮಿಕ್ಸಿಯನ್ನು ಒದ್ದೆಯ ಕೈಯಲ್ಲಿ ಎರಡನೆಯ ಸಲ ಮುಟ್ಟಿನೋಡುವ ಧೈರ್ಯ ಯಾರಿಗೂ ಬೇಡ. ಗೋಡೆಯ ಸ್ವಿಚ್ಚನ್ನು ಆರಿಸಿ, ಪ್ಲಗ್ಗು ಕಿತ್ತು, ಬಲ್ಲವರ ಬಳಿಗೆ ಒಯ್ಯಬೇಕು. ಜಾರಿನೊಳಗೆ ಸಿಕ್ಕಿಕೊಂಡದ್ದನ್ನು ಬಿಡಿಸಲು ಚಮಚ ಹಾಕುವ ಮೊದಲೂ ಅಷ್ಟೆ.

"ನಾನೇ ಬಿಚ್ಚಿ ನೋಡಬಾರದೆ ಅಣ್ಣ?" ಎಂದಳು ಹುಡುಗಿ.

"ಕೇಳುವುದು, ಮೂಸುವುದು, ಪ್ಲಗ್ಗು ಕಿತ್ತು ಕೈಯಲ್ಲಿ ತಿರುಗಿಸುವುದು, ಕೆಂಪು ಗುಂಡಿ ಒತ್ತುವುದು, ಜಾರಿಲ್ಲದೆ ಓಡಿಸುವುದು. ಇಷ್ಟು ನಿನ್ನದು. ತಿರುಪು ಬಿಚ್ಚುವುದು ಈಗ ನನ್ನದು. ಕಲಿತ ಮೇಲೆ ನಿನ್ನದೂ ಆಗಲಿ," ಎಂದನು ಅವನು.

ಹೊಸ ಬುಷ್ಷು ಕೂತಿತು. ರಬ್ಬರಿನ ವಾಷರ್ ಬದಲಾಯಿತು. ಬೆರಳಿನಿಂದ ತಟ್ಟಿದರೆ ಬ್ಲೇಡು ಗಿರ್ರನೆ ತಿರುಗುವಂತಾಯಿತು. ಮೋಟಾರಿನ ಮೇಲಿನ ಮುಚ್ಚಳ ತೆಗೆದು, ಒಸರಿದ ನೀರು ಬೇರಿಂಗಿನವರೆಗೆ ಇಳಿದಿಲ್ಲವೆಂದು ದೀಪ ಹಿಡಿದು ನೋಡಿದನು. ಬುಷ್ಷಿನ ಬೆಲೆಗೆ ಕೂಲಿಯನ್ನು ಸೇರಿಸಿ ಅವನು ಕೇಳಿದ್ದು ಹೊಸ ಮಿಕ್ಸಿಯ ಬೆಲೆಯ ಹತ್ತರಲ್ಲೊಂದು ಪಾಲೂ ಆಗಲಿಲ್ಲ. ಮೋಟಾರು ಸುಟ್ಟಿದೆ ಎಂದು ಹೇಳಿಕೊಂಡೇ ಬಂದವರಿಂದ ಮೋಟಾರಿನ ಹಣವನ್ನೇ ಪಡೆಯುವುದು ಅವನಿಗೆ ಕಷ್ಟವಾಗುತ್ತಿರಲಿಲ್ಲ. ಅಜ್ಜಿ ಅದನ್ನು ಗ್ರಹಿಸಿದವಳಂತೆ, "ನಾಳೆ ಹಬ್ಬ, ಒಬ್ಬಟ್ಟಿಗೆ ಮನೆಯ ಕಡೆ ಬಾರಪ್ಪ," ಎಂದಳು.

"ಬರುತ್ತೇನೆ ಅಜ್ಜಿ. ಹೂರಣವನ್ನು ಮಾತ್ರ ಒಂದೇ ಸಲಕ್ಕೆ ತುಂಬಬೇಡಿ. ಅರ್ಧ ಜಾರು ಸಾಕು. ಬೇಳೆ ಆರಿ ಗಟ್ಟಿಯಾಗುವ ಮುಂಚೆ, ಬೆಚ್ಚಗಿರುವಾಗಲೇ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಎರಡು ಸಲ ಆದ ಮೇಲೆ ಐದು ನಿಮಿಷ ಸುಮ್ಮನೆ ಬಿಡಿ."

ಮನೆಯಲ್ಲಿ ಬೇಳೆ ಆಗಲೇ ಆರಿತ್ತು. ತಾಯಿ ಅದನ್ನು ಮತ್ತೆ ಒಲೆಯ ಮೇಲಿಟ್ಟು ಬಿಸಿಮಾಡಿದಳು. ಅರ್ಧರ್ಧ ಜಾರಿನಂತೆ ಹೂರಣ ನುಣ್ಣಗೆ ಇಳಿಯತೊಡಗಿತು. ನಾಲ್ಕನೆಯ ಸಲಕ್ಕೆ ಹುಡುಗಿ ಮಿಕ್ಸಿಯ ಮೈಮೇಲೆ ಕೈಯಿಟ್ಟು ನೋಡಿದಳು, ಬೆಚ್ಚಗಿತ್ತು. ಅವಳು ಪ್ಲಗ್ಗನ್ನು ಕಿತ್ತಿಟ್ಟಳು. ಅದು ತಣಿಯುವವರೆಗೆ ಅಜ್ಜಿ ಅವಳ ಮುಂದೆ ಮಾವಿನ ಸೊಪ್ಪನ್ನೂ ದಾರವನ್ನೂ ತಂದು ಹಾಕಿ, ಬಾಗಿಲಿನ ತೋರಣ ಕಟ್ಟಿಸಿದಳು.